ಕಾಡು ‘ಸಿಂಕ್’ ಎನಿಸಿಕೊಂಡಾಗ

ಕಾಡಿನ ಕುರಿತ ಸರ್ಕಾರಿ ಕಡತಗಳಲ್ಲಿಯೂ ವಿಜ್ಞಾನದ ಪಠ್ಯಗಳಲ್ಲಿಯೂ ‘ಸಿಂಕ್’ ಎಂಬ ಪುಟ್ಟ ಇಂಗ್ಲಿಷ್ ಪದವೊಂದು ದೊಡ್ಡ ಸ್ಥಾನವನ್ನು ಪಡೆದಿದೆ. ಕಾಡು ‘ಕಾರ್ಬನ್ ಸಿಂಕ್’, ಸಾಗರವೂ ‘ಕಾರ್ಬನ್ ಸಿಂಕ್’, ಸಾಲಾಗಿ ನೆಟ್ಟ ನೆಡುತೋಪು ಸಹ ‘ಕಾರ್ಬನ್ ಸಿಂಕ್’ ಎನ್ನಲಾಗುತ್ತಿದೆ. ಮಲೆನಾಡಿನ ಹಳ್ಳಿಯ ಮನೆಗಳಲ್ಲಿ ಸಿಂಕ್ ಎಂದರೆ ಪಾತ್ರೆ ತೊಳೆಯುವ ತೊಟ್ಟಿ. ಇಂಗ್ಲಿಷ್ ಕಲಿಯುತ್ತಿರುವ ವಿದ್ಯಾರ್ಥಿಗೆ ಅದು ‘ಮುಳುಗು’ ಎಂಬ ಕ್ರಿಯಾಪದ. ಈ ಎರಡೂ ಅಲ್ಲದ ಮೂರನೆಯ ಅರ್ಥವೊಂದು, ಬೆಟ್ಟದ ಮೇಲೆ ಏನು ಬೆಳೆಯಬೇಕು, ಅಲ್ಲಿಂದ ಯಾರು ಸೊಪ್ಪು ತರಬಹುದು ಎಂಬ ತೀರ್ಮಾನಗಳ ಒಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ಹೀಗಾಗಿ ಆ ಪದವನ್ನು ಸರಿಯಾಗಿ ಅರಿಯುವುದು ಕೇವಲ ಭಾಷೆಯ ಕುತೂಹಲವಲ್ಲ.

ವಿಜ್ಞಾನದಲ್ಲಿ ಈ ಪದದ ಅರ್ಥ ಸರಳವಾದುದು. ಒಂದು ವಸ್ತುವನ್ನು ಒಂದು ನೆಲೆಗೆ ಸೇರಿಸುವುದು ‘ಮೂಲ’. ಆ ನೆಲೆಯಿಂದ ಅದನ್ನು ಹೀರಿ ತೆಗೆಯುವುದು ‘ಸಿಂಕ್’. ಸಸ್ಯಶಾಸ್ತ್ರದ ಪ್ರಕಾರ ಅಡಿಕೆ ಮರದ ಹಸಿರು ಸೋಗೆ ಸಕ್ಕರೆಯ ಮೂಲ. ಅದನ್ನು ಎಳೆದುಕೊಂಡು ಬಲಿಯುವ ಗೊನೆ ಸಕ್ಕರೆಯ ಸಿಂಕ್. ವಿದ್ಯುತ್ ಉಪಕರಣಗಳಲ್ಲಿ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತುಂಡಿಗೂ ಸಿಂಕ್ ಎಂಬ ಹೆಸರೇ ಇದೆ. ಆದ್ದರಿಂದ ‘ಯಾವ ವಸ್ತು’ ಮತ್ತು ‘ಎಲ್ಲಿಂದ’ ಎಂಬೆರಡನ್ನು ಹೇಳದೆ ಸಿಂಕ್ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ಭತ್ತದ ಗದ್ದೆಯನ್ನೇ ನೋಡಬಹುದು. ಬೆಳೆಯುತ್ತಿರುವ ಪೈರು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಅದೇ ಗದ್ದೆಯ ನೀರು ನಿಂತ ಕೆಸರು ಮೀಥೇನ್ ಅನಿಲವನ್ನು ಹೊರಬಿಡುತ್ತದೆ. ಒಂದೇ ನೆಲ ಒಂದು ಅನಿಲವನ್ನು ಹೀರುತ್ತಲೇ ಇನ್ನೊಂದಕ್ಕೆ ಮೂಲವಾಗಿರುತ್ತದೆ.

1992ರಲ್ಲಿ ಸಿದ್ಧವಾಗಿ ರಿಯೋ ಶೃಂಗಸಭೆಯಲ್ಲಿ ರಾಷ್ಟ್ರಗಳ ಸಹಿಗೆ ತೆರೆದ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ ಈ ಪದವನ್ನು ಎಚ್ಚರಿಕೆಯಿಂದ ವಿವರಿಸಿದೆ. ಅದರ ಪ್ರಕಾರ, ಹಸಿರುಮನೆ ಅನಿಲವನ್ನು ವಾತಾವರಣದಿಂದ ತೆಗೆಯುವ ಯಾವುದೇ ಪ್ರಕ್ರಿಯೆ, ಚಟುವಟಿಕೆ ಅಥವಾ ವ್ಯವಸ್ಥೆ ಸಿಂಕ್ ಎನಿಸುತ್ತದೆ. ತೆಗೆದ ಅನಿಲ ಶೇಖರವಾಗಿ ಉಳಿಯುವ ನೆಲೆಗೆ ಅದೇ ಒಪ್ಪಂದ ‘ಸಂಗ್ರಹಾಗಾರ’ ಎಂಬರ್ಥದ ಬೇರೊಂದು ಪದವನ್ನು ಬಳಸಿದೆ. ಅಂದರೆ ಸಿಂಕ್ ಎಂಬುದು ಒಂದು ಕೆಲಸದ ಹೆಸರೇ ಹೊರತು ಒಂದು ಜಾಗದ ಹೆಸರಲ್ಲ. ಈ ಭೇದ ಕೃಷಿಕನಿಗೆ ಅಪರಿಚಿತವಲ್ಲ. ಮಳೆನೀರು ನೆಲಕ್ಕೆ ಇಂಗುವುದು ಬೇರೆ, ಬಾವಿಯಲ್ಲಿ ನೀರು ನಿಲ್ಲುವುದು ಬೇರೆ. ಈ ವರ್ಷದ ಫಸಲು ಬೇರೆ, ಪಣತದಲ್ಲಿ ಉಳಿದ ಭತ್ತ ಬೇರೆ. ಕನ್ನಡದಲ್ಲಿ ‘ಹೀರು’, ‘ಇಂಗು’, ‘ಹಿಡಿದಿಡು’ ಎಂಬ ಮೂರು ಸ್ಪಷ್ಟ ಕ್ರಿಯಾಪದಗಳಿವೆ. ಅವುಗಳನ್ನು ಬಿಟ್ಟು ಕಾರ್ಬನ್ ಸಿಂಕನ್ನು ‘ಇಂಗಾಲದ ತೊಟ್ಟಿ’ ಎಂದು ಅನುವಾದಿಸಿದೊಡನೆ ಒಂದು ಜೀವಂತ ಕೆಲಸ ಬರಿಯ ಗುಂಡಿಯಾಗುತ್ತದೆ. ಗುಂಡಿ ಎಂದಮೇಲೆ ಅದಕ್ಕೆ ಏನನ್ನಾದರೂ ಸುರಿಯಬಹುದೆಂಬ ಧೈರ್ಯವೂ ಬರುತ್ತದೆ.

ಆ ಧೈರ್ಯ ಅಪಾಯಕಾರಿ. ಮನುಷ್ಯನ ಚಟುವಟಿಕೆಗಳಿಂದ ಪ್ರತಿವರ್ಷ ಸುಮಾರು 4,000 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತಿದೆ. ಅದರಲ್ಲಿ ಸರಿಸುಮಾರು ಅರ್ಧದಷ್ಟನ್ನು ನೆಲದ ಸಸ್ಯರಾಶಿ, ಮಣ್ಣು ಮತ್ತು ಸಾಗರಗಳು ಹೀರಿಕೊಳ್ಳುತ್ತಿವೆ. ಉಳಿದರ್ಧ ಗಾಳಿಯಲ್ಲಿಯೇ ನಿಂತು ಭೂಮಿಯನ್ನು ಬಿಸಿಯಾಗಿಸುತ್ತಿದೆ. ಹೀರುವ ಈ ಶಕ್ತಿ ಶಾಶ್ವತವೂ ಅಲ್ಲ, ಬೇಷರತ್ತೂ ಅಲ್ಲ. ಕಾಡ್ಗಿಚ್ಚು, ಬರ ಮತ್ತು ಕಡಿತಲೆಗಳಿಂದ ನಲುಗಿದ ಅಮೆಜಾನ್ ಕಾಡಿನ ಆಗ್ನೇಯ ಭಾಗವು ಹೀರುವುದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಬಿಡುತ್ತಿರುವುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಿನ್ನೆಯ ಸಿಂಕ್ ಇಂದು ಮೂಲವಾಗಬಲ್ಲದು.

ಕೆಲಸವನ್ನೂ ಸಂಗ್ರಹವನ್ನೂ ಬೆರೆಸಿದಾಗ ಆಗುವ ಇನ್ನೊಂದು ಪ್ರಮಾದ ಮಲೆನಾಡಿಗೆ ಹೆಚ್ಚು ಹತ್ತಿರದ್ದು. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವಿರುತ್ತದೆ. ವೇಗವಾಗಿ ಬೆಳೆಯುವ ಎಳೆಯ ಅಕೇಶಿಯಾ ತೋಪು ಕೆಲವು ವರ್ಷಗಳ ಕಾಲ ಚುರುಕಾಗಿ ಇಂಗಾಲವನ್ನು ಹೀರುತ್ತದೆಂಬುದು ನಿಜ. ಆದರೆ ಆ ತೋಪು ಕಡಿತಕ್ಕೆ ಬಂದು, ಮರ ಸೌದೆಯಾಗಿಯೋ ಕಾಗದದ ತಿರುಳಾಗಿಯೋ ಹೋದಾಗ, ಹೀರಿದ ಇಂಗಾಲದ ಬಹುಪಾಲು ಬೇಗನೆ ಗಾಳಿಗೆ ಮರಳುತ್ತದೆ. ಶತಮಾನಗಳ ನಿತ್ಯಹರಿದ್ವರ್ಣದ ಕಾಡು ತನ್ನ ಕಾಂಡ, ಬೇರು, ತರಗೆಲೆ, ಮಣ್ಣುಗಳಲ್ಲಿ ಹಿಡಿದಿಟ್ಟಿರುವ ಇಂಗಾಲ ಅಗಾಧ. ‘ವರ್ಷಕ್ಕೆ ಎಷ್ಟು ಹೀರಿತು’ ಎಂಬುದೊಂದೇ ಅಳತೆಯಾದರೆ ಹಳೆಯ ಕಾಡು ಸೋಮಾರಿಯಂತೆಯೂ ಅಕೇಶಿಯಾ ಶ್ರಮಜೀವಿಯಂತೆಯೂ ಕಾಣುತ್ತವೆ. ಕುದುರೆಮುಖ, ಬಾಬಾಬುಡನ್ ಗಿರಿಗಳ ಶೋಲಾ ಹುಲ್ಲುಗಾವಲುಗಳಿಗೆ ಈ ಅಳತೆಯಲ್ಲಿ ಸ್ಥಾನವೇ ಇರುವುದಿಲ್ಲ. ಹುಲ್ಲುಗಾವಲಿನ ಇಂಗಾಲದ ಬಹುಪಾಲು ಕಣ್ಣಿಗೆ ಕಾಣದಂತೆ ಬೇರು ಮತ್ತು ಮಣ್ಣಿನಲ್ಲಿರುತ್ತದೆ. ಅಲ್ಲಿ ‘ಖಾಲಿ ಜಾಗ’ ಕಂಡು ಗುಂಡಿ ತೋಡಿ ಸಸಿ ನೆಡುವುದು, ತುಂಬಿದ ಪಣತವನ್ನು ಬರಿದು ಮಾಡಿ ಹೊಸ ಚೀಲಗಳನ್ನು ಎಣಿಸಿದಂತೆ.

ಈ ಲೆಕ್ಕಾಚಾರಕ್ಕೆ ಅಂತರರಾಷ್ಟ್ರೀಯ ಬಲವಿದೆ. 1997ರ ಕ್ಯೋಟೋ ಒಡಂಬಡಿಕೆಯು ಮರ ಬೆಳೆಸಿ ಹೀರಿಸಿದ ಇಂಗಾಲವನ್ನು ರಾಷ್ಟ್ರಗಳ ಹೊಗೆಯ ಲೆಕ್ಕದಲ್ಲಿ ಕಳೆಯಲು ಅವಕಾಶ ನೀಡಿತು. ಭಾರತವು 2015ರಲ್ಲಿ, ಹೆಚ್ಚುವರಿ ಕಾಡು ಮತ್ತು ಮರಗಳ ಮೂಲಕ 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೆಚ್ಚುವರಿ ಸಿಂಕ್ ನಿರ್ಮಿಸುವುದಾಗಿ ಘೋಷಿಸಿತು. ಗುರಿ ಒಳ್ಳೆಯದೇ. ಆದರೆ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವ್ಯಾಖ್ಯೆಯಂತೆ, ಒಂದು ಹೆಕ್ಟೇರಿಗಿಂತ ದೊಡ್ಡದಾದ ಜಾಗದಲ್ಲಿ ಮರಗಳ ಮೇಲ್ಛಾವಣಿ ಶೇ. 10ಕ್ಕೆ ಮೇಲ್ಪಟ್ಟಿದ್ದರೆ, ಮರ ಯಾವುದೇ ಇರಲಿ, ಒಡೆತನ ಯಾರದ್ದೇ ಇರಲಿ, ಅದು ‘ಅರಣ್ಯ ಹೊದಿಕೆ’. ತೋಟವೂ ನೆಡುತೋಪೂ ಇದರಲ್ಲಿ ಸೇರುತ್ತವೆ. ಹೀಗಿರುವಾಗ, ಕಡಿದ ಕಾಡಿಗೆ ಪ್ರತಿಯಾಗಿ ಬೇರೆಲ್ಲೋ ನೆಟ್ಟ ಏಕಜಾತಿಯ ತೋಪು ಲೆಕ್ಕದ ಪುಸ್ತಕದಲ್ಲಿ ಸರಿಹೊಂದಿಬಿಡುತ್ತದೆ. ಹೊಳೆಯ ಹುಟ್ಟು, ಜೇನು, ಮುರುಗಲು, ಉಪ್ಪಾಗೆ, ಸಿಂಗಳೀಕ ಇವು ಯಾವುವೂ ಆ ಪುಸ್ತಕದ ಅಂಕಣಗಳಲ್ಲಿ ಇರುವುದಿಲ್ಲ.

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. 1987ರ ನವೆಂಬರಿನಲ್ಲಿ ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಲ್ಲಿ ಜನರು ಊರಿನ ಸಾಮೂಹಿಕ ಭೂಮಿಯಲ್ಲಿ ಕೈಗಾರಿಕೆಗೆಂದು ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಸಸಿಗಳನ್ನು ನೆಟ್ಟರು. ಅಂದು ತೋಪನ್ನು ಸಮರ್ಥಿಸಲು ಬಳಕೆಯಾದ ಪದ ‘ಪಾಳುಭೂಮಿ ಅಭಿವೃದ್ಧಿ’. ಇಂದು ಅದೇ ಜಾಗದಲ್ಲಿ ‘ಸಿಂಕ್’ ಬಂದು ಕುಳಿತಿದೆ. ಪದ ಬದಲಾದರೂ ಕೇಳಬೇಕಾದ ಪ್ರಶ್ನೆ ಬದಲಾಗಿಲ್ಲ: ನೆಲ ಯಾರದು, ಮರ ಯಾರಿಗಾಗಿ?

ಸಿಂಕ್ ಪದದ ‘ಮುಳುಗು’ ಎಂಬ ಅರ್ಥವನ್ನು ಶರಾವತಿ ಕೊಳ್ಳದ ಜನರು ಅನುಭವದಿಂದ ಬಲ್ಲರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಊರು, ಗದ್ದೆ, ತೋಟಗಳೊಡನೆ ಕಾಡನ್ನೂ ಮುಳುಗಿಸಿತು. ನೀರಿನಡಿಯ ಕಾಡು ಹೀರುವ ಕೆಲಸವನ್ನು ನಿಲ್ಲಿಸುತ್ತದೆ. ಅಷ್ಟೇ ಅಲ್ಲ, ಆಮ್ಲಜನಕವಿಲ್ಲದೆ ಕೊಳೆಯುವ ಸಸ್ಯರಾಶಿ ಮೀಥೇನ್ ಅನಿಲವನ್ನು ಉಗುಳುತ್ತದೆ. ದೂರದ ನಗರಗಳ ಬೆಳಕಿಗಾಗಿ ಕಣಿವೆಗಳು ಮುಳುಗಿದ ಮೇಲೆ, ಉಳಿದ ಬೆಟ್ಟಗಳನ್ನು ದೂರದ ಚಿಮಣಿಗಳ ಹೊಗೆಗೆ ಬಚ್ಚಲಾಗಿಸುವುದು ನ್ಯಾಯವಲ್ಲ. ಕೋಟ್ಯಂತರ ವರ್ಷ ನೆಲದಡಿ ಭದ್ರವಾಗಿದ್ದ ಕಲ್ಲಿದ್ದಲನ್ನು ಉರಿಸಿ, ಮೂವತ್ತು ವರ್ಷವೂ ಬಾಳದ ತೋಪಿನಿಂದ ಆ ಸಾಲ ತೀರಿತೆನ್ನುವುದು ಲೆಕ್ಕವೂ ಅಲ್ಲ.

ಹಾಗೆಂದು ಪದವನ್ನೇ ದ್ವೇಷಿಸಬೇಕಾಗಿಲ್ಲ. ಕಾಡು ಇಂಗಾಲವನ್ನು ಹೀರುವ ಬಗೆಯನ್ನು ಅಳೆಯುವ ವಿಜ್ಞಾನ ಬೇಕು. ಇರುವ ಕಾಡನ್ನು ಉಳಿಸಬೇಕೆಂಬ ವಾದಕ್ಕೆ ಅದೇ ಬಲವಾದ ಆಧಾರ. ಸೊಪ್ಪಿನಬೆಟ್ಟವನ್ನು ಹದವರಿತು ಕಾಯ್ದವರು, ಬೇಸಿಗೆಯಲ್ಲಿ ಬೆಂಕಿ ನಂದಿಸಲು ಓಡುವವರು, ಕಾನುಗಳನ್ನು ದೇವರ ಹೆಸರಿನಲ್ಲಿ ಉಳಿಸಿಕೊಂಡವರು ಈ ಪದ ಹುಟ್ಟುವ ಮೊದಲೇ ಅದರ ಕೆಲಸವನ್ನು ಮಾಡಿಕೊಂಡು ಬಂದಿದ್ದಾರೆ. ‘ಸಿಂಕ್’ ರಕ್ಷಣೆಯ ಹೆಸರಿನಲ್ಲಿ ಅವರನ್ನೇ ಬೆಟ್ಟದಿಂದ ಹೊರಗಿಡುವ ಬೇಲಿ ಬಂದರೆ, ಕಾಡು ತನ್ನ ಕಾವಲುಗಾರರನ್ನು ಕಳೆದುಕೊಳ್ಳುತ್ತದೆ.

2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೂ, 2002ರ ಜೈವಿಕ ವೈವಿಧ್ಯ ಕಾಯಿದೆ ಸ್ಥಳೀಯ ಜೀವವೈವಿಧ್ಯ ಸಮಿತಿಗೂ ಮಾತನಾಡುವ ಅಧಿಕಾರ ನೀಡಿವೆ. ‘ಸಿಂಕ್’ ಎಂಬ ಪದವಿರುವ ಯೋಜನೆ ಊರಿಗೆ ಬಂದಾಗ ಅಲ್ಲಿ ನಾಲ್ಕು ಪ್ರಶ್ನೆಗಳು ಏಳಲಿ. ಹೀರುವುದು ಯಾವ ಮರ, ಯಾವ ಮಣ್ಣು? ಹೀರಿದ್ದು ಎಷ್ಟು ವರ್ಷ ಉಳಿಯುತ್ತದೆ? ಆ ಜಾಗದಲ್ಲಿ ಈಗಾಗಲೇ ಹಿಡಿದಿಟ್ಟದ್ದು ಎಷ್ಟಿದೆ? ಯಾರ ಹೊಗೆಯ ಲೆಕ್ಕಕ್ಕೆ ಅದು ಜಮೆಯಾಗುತ್ತದೆ? ಉತ್ತರಗಳು ಕನ್ನಡದಲ್ಲಿ, ಬರಹದಲ್ಲಿ, ಸಭೆಯ ನಡಾವಳಿಯಲ್ಲಿ ದಾಖಲಾಗಲಿ. ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ತಮ್ಮ ಊರಿನ ಹಿರಿಯರಿಗೆ ಓದಿ ಹೇಳಲಿ. ಉತ್ತರ ಸಿಗುವವರೆಗೆ ಒಪ್ಪಿಗೆಯ ಸಹಿಗೆ ಅವಸರ ಬೇಡ.