ಅಕ್ಕಿ ಎಲ್ಲಿಂದ ಬಂದಿತು? – ವೈಟ್‌ಫೀಲ್ಡ್ ಸಂಸದರ ಎರಡು ಲೆಕ್ಕಗಳು



ಆಯ್ದಕ್ಕಿ ಮಾರಯ್ಯನವರ ಪ್ರಸಂಗ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವಂಥದ್ದು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಅವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಇಷ್ಟೊಂದು ಅಕ್ಕಿ ಏಕೆ ಬಂದಿತು ಎಂದು ಕೇಳಿ, ಹೆಚ್ಚಾದುದನ್ನು ತಂದ ಕಡೆಯೇ ಸುರಿದು ಬರುವಂತೆ ಹೇಳಿದರು. ದಾಸೋಹದ ಉದ್ದೇಶ ಎಷ್ಟೇ ಒಳ್ಳೆಯದಾಗಿದ್ದರೂ ಅಕ್ಕಿಯ ಮೂಲವನ್ನು ವಿಚಾರಿಸದೆ ಒಲೆ ಹಚ್ಚಬಾರದು ಎಂಬುದು ಆ ತಾಯಿಯ ನಿಲುವು. ನಮ್ಮನ್ನು ಪ್ರತಿನಿಧಿಸುವ ಸಂಸದರ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಕೇಳುವ ಹೊಣೆ ನಮ್ಮ ಮೇಲಿದೆ.

ಬೆಂಗಳೂರಿನ ಹೊರವಲಯದ ಮೂರು ಉದ್ಯಮ ಪ್ರದೇಶಗಳು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ದಾಸರಹಳ್ಳಿ ಭಾಗದ ಪೀಣ್ಯವು ಬೆಂಗಳೂರು ಉತ್ತರಕ್ಕೂ, ಎಲೆಕ್ಟ್ರಾನಿಕ್ ಸಿಟಿಯು ಬೆಂಗಳೂರು ಗ್ರಾಮಾಂತರಕ್ಕೂ, ಮಹದೇವಪುರ ವಿಧಾನಸಭಾ ಕ್ಷೇತ್ರದ ವೈಟ್‌ಫೀಲ್ಡ್ ಬೆಂಗಳೂರು ಕೇಂದ್ರಕ್ಕೂ ಸೇರಿವೆ. ಇವುಗಳಲ್ಲಿ ಬೆಂಗಳೂರು ಕೇಂದ್ರದ ಚಿತ್ರ ವಿಶಿಷ್ಟವಾದುದು. ಕ್ಷೇತ್ರ ಪುನರ್ವಿಂಗಡಣೆಯ ನಂತರ 2009ರಲ್ಲಿ ಇಲ್ಲಿ ಮೊದಲ ಚುನಾವಣೆ ನಡೆಯಿತು. ಅಂದಿನಿಂದ 2014, 2019 ಮತ್ತು 2024ರಲ್ಲಿಯೂ ಭಾರತೀಯ ಜನತಾ ಪಕ್ಷದ ಪಿ. ಸಿ. ಮೋಹನ್ ಅವರೇ ಆಯ್ಕೆಯಾಗಿದ್ದಾರೆ. 2024ರಲ್ಲಿ ಅವರ ಒಟ್ಟು ಗೆಲುವಿನ ಅಂತರ 32,707 ಮತಗಳು. ಮಹದೇವಪುರ ಒಂದರಲ್ಲಿಯೇ ದೊರೆತ ಮುನ್ನಡೆ 1.14 ಲಕ್ಷ. ಅಲ್ಲಿನ ಮತದಾರರ ಪಟ್ಟಿಯ ಬಗ್ಗೆ 2025ರಲ್ಲಿ ಎದ್ದ ವಿವಾದ ಪ್ರತ್ಯೇಕ ಚರ್ಚೆಗೆ ಸೇರಿದ್ದು. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಈ ಸಂಸದರನ್ನು ದೆಹಲಿಗೆ ಕಳುಹಿಸುವಲ್ಲಿ ವೈಟ್‌ಫೀಲ್ಡ್ ಭಾಗದ ಪಾತ್ರ ಬಲು ದೊಡ್ಡದು. ಆದುದರಿಂದ ಲೆಕ್ಕ ಕೇಳುವ ಹಕ್ಕೂ ಆ ಭಾಗಕ್ಕೆ ಹೆಚ್ಚು.

ಕಾಯಕದ ಲೆಕ್ಕ

ಸಂಸದರನ್ನು ಯಾವುದರಿಂದ ಅಳೆಯಬೇಕು? ರಸ್ತೆಯ ಗುಂಡಿಗೂ ರಾಜಕಾಲುವೆಯ ಹೂಳಿಗೂ ಮೊದಲ ಹೊಣೆ ನಗರಾಡಳಿತದ್ದು ಮತ್ತು ರಾಜ್ಯ ಸರ್ಕಾರದ್ದು. ರೈಲ್ವೆ, ಮೆಟ್ರೋಗೆ ಕೇಂದ್ರದ ಪಾಲು, ತೆರಿಗೆ, ಕಾರ್ಮಿಕ ಕಾನೂನು – ಇವು ಸಂಸದರ ಮಾತು ನಡೆಯಬೇಕಾದ ಕ್ಷೇತ್ರಗಳು.

ಮೋಹನ್ ಅವರ ಹೆಸರು ಹೆಚ್ಚಾಗಿ ಕೇಳಿಬಂದಿರುವುದು ಉಪನಗರ ರೈಲಿನ ವಿಚಾರದಲ್ಲಿ. ದಶಕಗಳ ಕಾಲ ಕಡತದಲ್ಲಿದ್ದ ಈ ಬೇಡಿಕೆಗೆ ಅವರು ಸಂಸತ್ತಿನ ಒಳಗೂ ಹೊರಗೂ ದನಿಗೂಡಿಸುತ್ತ ಬಂದರು. 2018ರ ಕೇಂದ್ರ ಆಯವ್ಯಯದಲ್ಲಿ 17,000 ಕೋಟಿ ರೂಪಾಯಿ ಅಂದಾಜು ವೆಚ್ಚದ ಸುಮಾರು 160 ಕಿಲೋಮೀಟರ್ ಜಾಲದ ಪ್ರಸ್ತಾಪವಾಯಿತು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟವು 148 ಕಿಲೋಮೀಟರ್ ಉದ್ದದ, 15,767 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಅದರ ನಾಲ್ಕು ಮಾರ್ಗಗಳಲ್ಲಿ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗವೂ ಒಂದು. 2022ರ ಜೂನ್ 20ರಂದು ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ನೆರವೇರಿಸಿ 40 ತಿಂಗಳ ಗಡುವನ್ನು ಹೇಳಿದರು. ಆ ಗಡುವು 2025ರ ಅಕ್ಟೋಬರಿಗೆ ಮುಗಿಯಿತು. ರೈಲು ಮಾತ್ರ ಓಡಲಿಲ್ಲ.

ಮಂಜೂರಾತಿ ದೊರಕಿಸಲು ದುಡಿದುದಕ್ಕೆ ಮೆಚ್ಚುಗೆ ಸಲ್ಲಬೇಕು. ಗಡುವು ತಪ್ಪಿದುದಕ್ಕೆ ಸಂಸದರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಯೋಜನೆಯನ್ನು ನಡೆಸುವ ಕೆ-ರೈಡ್ ಸಂಸ್ಥೆಯು ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯಗಳ ಜಂಟಿ ಕೂಸು. ಆದರೆ ಶಂಕುಸ್ಥಾಪನೆಯ ಶ್ರೇಯವನ್ನು ಪಡೆದವರು ವಿಳಂಬದ ವಿವರಣೆಯನ್ನೂ ಕೊಡಬೇಕಾಗುತ್ತದೆ. ಮೆಟ್ರೋ ವಿಷಯದಲ್ಲಿಯೂ ಹೀಗೆಯೇ. ಕೆ. ಆರ್. ಪುರ–ವೈಟ್‌ಫೀಲ್ಡ್ ಮಾರ್ಗ 2023ರ ಮಾರ್ಚ್ 25ರಂದು ಉದ್ಘಾಟನೆಯಾಯಿತು. ಬೈಯಪ್ಪನಹಳ್ಳಿ ಮತ್ತು ಕೆ. ಆರ್. ಪುರದ ನಡುವಿನ ಕೊಂಡಿ ಬೆಸೆದದ್ದು ಅದೇ ವರ್ಷದ ಅಕ್ಟೋಬರ್ 9ರಂದು. ಆ ಆರು ತಿಂಗಳು ಪ್ರಯಾಣಿಕರು ನಡುವೆ ಇಳಿದು ಬಸ್ಸು ಹಿಡಿಯಬೇಕಾಯಿತು.

ಇಷ್ಟರ ಮಟ್ಟಿಗೆ ಕಾಯಕದ ಲೆಕ್ಕ ತೆರೆದ ಪುಸ್ತಕ. ಯಾರು ಬೇಕಾದರೂ ನಿಲ್ದಾಣದಲ್ಲಿ ನಿಂತು ಓದಬಹುದು.

ಹಣದ ಲೆಕ್ಕ

ಎರಡನೆಯ ಲೆಕ್ಕ ಅಷ್ಟು ಸುಲಭವಲ್ಲ. ನಮ್ಮ ರಾಜ್ಯದಲ್ಲಿ ಲೋಕಸಭಾ ಅಭ್ಯರ್ಥಿಯೊಬ್ಬರು ಮಾಡಬಹುದಾದ ವೆಚ್ಚದ ಮಿತಿ 2009ರಲ್ಲಿ 25 ಲಕ್ಷ ರೂಪಾಯಿ ಇತ್ತು. 2014 ಮತ್ತು 2019ರಲ್ಲಿ 70 ಲಕ್ಷ. 2024ರಲ್ಲಿ 95 ಲಕ್ಷ. ಮೋಹನ್ ಅವರ ನಾಲ್ಕೂ ಚುನಾವಣೆಗಳು, ಅವರ ಎದುರಾಳಿಗಳವೂ, ಈ ಏಣಿಯ ಮೇಲೆಯೇ ನಡೆದಿವೆ. ಅಭ್ಯರ್ಥಿಯು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಫಲಿತಾಂಶ ಬಂದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ವೆಚ್ಚದ ಲೆಕ್ಕ ಒಪ್ಪಿಸಬೇಕು. ತಪ್ಪಿದರೆ ಮೂರು ವರ್ಷ ಅನರ್ಹತೆಗೆ ಅವಕಾಶವಿದೆ. ಆ ಲೆಕ್ಕವನ್ನು ಪರಿಶೀಲಿಸಲು ನಿಯಮಗಳು ಸಾಮಾನ್ಯ ನಾಗರಿಕನಿಗೆ ವಿಧಿಸಿರುವ ಶುಲ್ಕ ಕೇವಲ ಒಂದು ರೂಪಾಯಿ. ಈ ಹಕ್ಕನ್ನು ಬಳಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ?

ಆದರೆ ಈ ಮಿತಿ ಅಭ್ಯರ್ಥಿಗೆ ಮಾತ್ರ, ಪಕ್ಷಕ್ಕೆ ಇಲ್ಲ. ಪಕ್ಷವು ಸಾಮಾನ್ಯ ಪ್ರಚಾರಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು. ತಾರಾ ಪ್ರಚಾರಕರ ಪ್ರಯಾಣವೂ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ಬಾಗಿಲಿಗೆ ಬೀಗ ಹಾಕಿ ಹಿತ್ತಿಲನ್ನು ತೆರೆದಿಟ್ಟಂತೆ ಇದು.

ಆ ಹಿತ್ತಿಲ ದಾರಿಗೆ ಪರದೆಯನ್ನೂ ಕಟ್ಟಿದ್ದು ಸಂಸತ್ತೇ. ಕಂಪನಿಯೊಂದು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 7.5ರಷ್ಟನ್ನು ಮಾತ್ರ ರಾಜಕೀಯ ದೇಣಿಗೆಯಾಗಿ ಕೊಡಬಹುದೆಂಬ ನಿರ್ಬಂಧವನ್ನು 2017ರ ಹಣಕಾಸು ಕಾಯ್ದೆ ತೆಗೆದುಹಾಕಿತು. ಚುನಾವಣಾ ಬಾಂಡ್‌ಗೂ ದಾರಿ ಮಾಡಿತು. 2018ರ ಹಣಕಾಸು ವಿಧೇಯಕವು ವಿದೇಶಿ ದೇಣಿಗೆ ಕಾನೂನನ್ನು 1976ರಿಂದ ಪೂರ್ವಾನ್ವಯವಾಗುವಂತೆ ಸಡಿಲಿಸಿತು. ಲೋಕಸಭೆಯಲ್ಲಿ ಅದು ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಮೋಹನ್ ಅವರು ಆಗ ಆಡಳಿತ ಪಕ್ಷದ ಸದಸ್ಯರು. ಪಕ್ಷಾಂತರ ನಿಷೇಧ ಕಾನೂನಿನ ಅಡಿಯಲ್ಲಿ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು ಎಂಬುದನ್ನೂ ನೆನೆಯಬೇಕು. ಆದರೂ ಸಂಸದರೊಬ್ಬರ ಕಾರ್ಯದಾಖಲೆಯಲ್ಲಿ ರೈಲು ಮಾರ್ಗ ಸೇರುವುದಾದರೆ, ತಮ್ಮ ಪಕ್ಷಗಳಿಗೆ ಹಣ ಬರುವ ದಾರಿಯ ಬಗ್ಗೆ ತಾವೇ ಮಾಡಿಕೊಂಡ ಕಾನೂನು ಏಕೆ ಸೇರಬಾರದು?

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಬಾಂಡ್ ಯೋಜನೆಯನ್ನೂ ಕಂಪನಿಗಳ ಮಿತಿಯಿಲ್ಲದ ದೇಣಿಗೆಯನ್ನೂ ಅಸಾಂವಿಧಾನಿಕವೆಂದು ಸಾರಿತು. ಮತದಾರನಿಗೆ ಹಣದ ಮೂಲವನ್ನು ತಿಳಿಯುವ ಹಕ್ಕಿದೆ ಎಂಬುದು ಆ ತೀರ್ಪಿನ ತಿರುಳು. ಮಾರ್ಚಿನಲ್ಲಿ ಪ್ರಕಟವಾದ ವಿವರದಂತೆ 2019ರ ಏಪ್ರಿಲ್‌ನಿಂದ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್ಸಿಗೆ ಸುಮಾರು 1,600 ಕೋಟಿ, ಕಾಂಗ್ರೆಸ್ಸಿಗೆ ಸುಮಾರು 1,420 ಕೋಟಿ ರೂಪಾಯಿ ಸಂದಿತ್ತು. ಅತಿ ದೊಡ್ಡ ಖರೀದಿದಾರ ಲಾಟರಿ ನಡೆಸುವ ಕಂಪನಿ: 1,368 ಕೋಟಿ. ಈ ಹಣ ಹೋದದ್ದು ಪಕ್ಷಗಳಿಗೆ. ಇಂಥ ಕಂಪನಿಯ ಹಣ ಇಂಥ ಅಭ್ಯರ್ಥಿಯ ಪ್ರಚಾರಕ್ಕೆ ಬಂದಿತೆಂದು ಈ ಪಟ್ಟಿಯಿಂದ ಹೇಳಲಾಗದು, ಹೇಳಿದರೆ ಅದು ಅನ್ಯಾಯ. ವ್ಯವಸ್ಥೆಯ ದೋಷವೂ ಇದೇ: ಹಣವು ಪಕ್ಷದ ಕಡಲನ್ನು ಸೇರಿದ ಮೇಲೆ ಯಾವ ಹೊಳೆಯ ನೀರು ಯಾವ ಕ್ಷೇತ್ರಕ್ಕೆ ಹರಿಯಿತೆಂದು ಮತದಾರನಿಗೆ ತಿಳಿಯುವುದಿಲ್ಲ.

ಉದ್ಯಮವು ಹಣ ಕೊಡುವುದೇ ದೋಷವಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕೋನಪ್ಪನ ಅಗ್ರಹಾರ ಮೆಟ್ರೋ ನಿಲ್ದಾಣಕ್ಕೆ ಇನ್ಫೋಸಿಸ್ ಪ್ರತಿಷ್ಠಾನ ನೆರವಾಗಿದೆ. ಅದರ ಹೆಸರು ನಿಲ್ದಾಣದ ಮೇಲೆಯೇ ಇದೆ. ಕೊಟ್ಟವರು, ಪಡೆದವರು, ಕೊಟ್ಟ ಕಾರಣ – ಮೂರೂ ಜನರ ಕಣ್ಣಮುಂದಿವೆ. ರಾಜಕೀಯ ದೇಣಿಗೆಯಿಂದಲೂ ಇಷ್ಟನ್ನೇ ನಿರೀಕ್ಷಿಸುತ್ತೇವೆ.

ನಮ್ಮ ಅಂಗಳದ ಅಕ್ಕಿ

ಕೊನೆಗೆ ಬೆರಳು ನಮ್ಮ ಕಡೆಗೂ ತಿರುಗಬೇಕು. ಚುನಾವಣೆ ಸಮೀಪಿಸಿದಾಗ ಸಮುದಾಯ ಭವನಕ್ಕೆ, ಜಾತ್ರೆಗೆ, ಸಾಮೂಹಿಕ ವಿವಾಹಕ್ಕೆ ಕೊಡುಗೆ ಹೊತ್ತು ಬರುವವರು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಅದನ್ನು ಭಕ್ತಿಯ ಕಾಣಿಕೆ ಎಂದು ನಾವು ಸುಮ್ಮನೆ ಸ್ವೀಕರಿಸಿದರೆ, ಪಕ್ಷಗಳ ಲೆಕ್ಕ ಕೇಳುವ ನೈತಿಕ ಬಲ ನಮಗೆಲ್ಲಿಯದು? ಸಂಸದರ ನಿಧಿಯಿಂದ ಕಟ್ಟಿದ ಕೊಠಡಿಯ ಮೇಲೆ ಅವರ ಹೆಸರನ್ನು ಕಂಡು ಕೈಮುಗಿಯುವುದೂ ಸಲ್ಲದು. ವರ್ಷಕ್ಕೆ 5 ಕೋಟಿ ರೂಪಾಯಿಯ ಆ ನಿಧಿ ನಮ್ಮೆಲ್ಲರ ತೆರಿಗೆಯ ಹಣ, ಯಾರ ದಾನವೂ ಅಲ್ಲ.

ಮುಂದಿನ ಬಾರಿ ಮತ ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಯಾವ ಜಾತಿಯವರೇ ಆಗಿರಲಿ, ಎರಡು ಮಾತು ಕೇಳೋಣ: ಏನು ಮಾಡಿದಿರಿ? ಯಾರ ಹಣದಿಂದ ಬಂದಿರಿ? ಮೊದಲನೆಯದನ್ನು ನಾವು ಕೇಳುತ್ತಲೇ ಬಂದಿದ್ದೇವೆ. ಎರಡನೆಯದನ್ನು ಲಕ್ಕಮ್ಮ ತಾಯಿ ಒಂಬತ್ತು ಶತಮಾನಗಳ ಹಿಂದೆ ತನ್ನ ಪತಿಯನ್ನೇ ಕೇಳಿದ್ದಳು.