ಒಂದು ವರ್ಷ ಎಲ್ಲಿದ್ದೆ?

ಕಳೆದ ಜೂನಿನಲ್ಲಿ ನಮ್ಮ ಬ್ಯಾಂಕಿನ ಕೌಂಟರಿಗೆ ಒಬ್ಬ ಹುಡುಗ ಬಂದ. ಪ್ಲಸ್ ಟು ಮುಗಿಸಿ ವರ್ಷವಾಗಿತ್ತು. ಅಡಿಕೆಗೆ ಮಹಾಳಿ ಬಂದು ಮನೆಯ ಲೆಕ್ಕ ತಲೆಕೆಳಗಾದ ಕಾರಣ ಮಂಗಳೂರಿನ ಹೋಟೆಲೊಂದರಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದ್ದ. ತಿಂಗಳು ತಿಂಗಳು ಖಾತೆಗೆ ಹಾಕಿದ ಹಣವನ್ನು ಕಾಲೇಜಿನ ಫೀಸಿಗೆಂದು ತೆಗೆಯಲು ಬಂದದ್ದು. ನೋಟು ಎಣಿಸಿಕೊಂಡ ಮೇಲೆ ಮೆಲ್ಲಗೆ ಕೇಳಿದ: “ಸ್ಟ್ಯಾಂಪ್ ಪೇಪರ್ ಎಲ್ಲಿ ಸಿಗ್ತದೆ ಸಾರ್? ಒಂದು ವರ್ಷ ಎಲ್ಲಿದ್ದೆ ಅಂತ ನೋಟರಿ ಹತ್ರ ಬರೆಸಿಕೊಂಡು ಬರ್ಬೇಕಂತೆ.”

ಇದಕ್ಕೆ ಗ್ಯಾಪ್ ಸರ್ಟಿಫಿಕೇಟು ಎಂದು ಹೆಸರು. ಎಲ್ಲ ಕಾಲೇಜುಗಳೂ ಕೇಳುವುದಿಲ್ಲ. ಕೇಳುವವರು ಮಾತ್ರ ಕಳ್ಳನನ್ನು ಕೇಳಿದ ಹಾಗೆಯೇ ಕೇಳುತ್ತಾರೆ. ಹುಡುಗ ಬೇರೆಲ್ಲೋ ಸೇರಿ ಬಿಟ್ಟು ಬಂದಿರಬಹುದೆಂಬ ಸಂಶಯ ಕಚೇರಿಗೆ ಇರಬಾರದೆಂದಲ್ಲ. ಆದರೆ ಬೇರೆ ಕಡೆ ಸೇರಿದವನ ಅಸಲು ಟಿ.ಸಿ. ಅಲ್ಲಿಯ ಕಪಾಟಿನಲ್ಲಿರುತ್ತದೆ. ಇವನ ಟಿ.ಸಿ. ಇವನ ಕೈಯಲ್ಲೇ ಇದೆಯಲ್ಲ! ಅದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾವ ನೋಟರಿ ಕೊಟ್ಟಾನು? ನೋಟರಿಗೆ ತಾನೇ ಇವನು ಎಲ್ಲಿದ್ದನೆಂದು ಹೇಗೆ ಗೊತ್ತು?

ಇನ್ನೊಂದು ತಮಾಷೆ ನೋಡಿ. ಓದನ್ನು ನಡುವೆ ಬಿಟ್ಟು ಹೋಗಿ ಮತ್ತೆ ಬಂದು ಸೇರಿಕೊಳ್ಳಬಹುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. 2021ರಲ್ಲಿ ಯು.ಜಿ.ಸಿ. ಅದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಅರ್ಧದಲ್ಲಿ ಎದ್ದು ಹೋದವನಿಗೆ ಸ್ವಾಗತವಂತೆ. ಒಂದು ವರ್ಷ ತಡವಾಗಿ ಬಂದು ಬಾಗಿಲು ತಟ್ಟಿದವನಿಗೆ ಮಾತ್ರ ಪ್ರಮಾಣಪತ್ರ.

ಆದರೆ ಕಚೇರಿಯವರನ್ನು ಬೈದು ಕೈತೊಳೆದುಕೊಳ್ಳುವಷ್ಟು ಶುದ್ಧರೇ ನಾವು? ಮದುವೆ ಊಟದ ಪಂಕ್ತಿಯಲ್ಲಿ ಕೂತ ಮಾವಂದಿರನ್ನು ಕೇಳಿ. “ಕೈಗೆ ದುಡ್ಡು ಸಿಕ್ಕಿದ ಮೇಲೆ ತಲೆಗೆ ಓದು ಹತ್ತುವುದುಂಟೋ?” ಎನ್ನುತ್ತಾರೆ. ಈ ಮಾತು ಪೂರ್ತಿ ಸುಳ್ಳಲ್ಲ. ದುಡಿಯಲು ಹೋಗಿ ಮರಳದವರನ್ನು ನಾನು ಬಲ್ಲೆ. ಅವರಲ್ಲಿ ಕೆಲವರ ಬೈಕ್ ಸಾಲದ ಕಂತು ನನ್ನ ಕೈಯಿಂದಲೇ ಜಮೆಯಾಗುತ್ತದೆ. ಆದರೆ ನಾನೂ ಜವಳಿ ಅಂಗಡಿಯಲ್ಲಿ ಒಂದು ವರ್ಷ ಸೀರೆ ಮಡಚಿದವನೇ. ಬಿ.ಎ.ಗೆ ಸೇರಿದಾಗ ನನಗೆ ಓದು ಹತ್ತದೇ ಇರಲಿಲ್ಲ. ಹತ್ತದೇ ಇದ್ದದ್ದು ನೆಂಟರ ಕಣ್ಣಿಗೆ ನಾನು. ಹೆಣ್ಣುಮಕ್ಕಳ ಪಾಡಂತೂ ಕೇಳುವುದೇ ಬೇಡ. ಹುಡುಗಿ ಒಂದು ವರ್ಷ ಅಂಗಡಿಯ ಕೆಲಸಕ್ಕೆ ಹೋದಳೋ, ಮರುವರ್ಷ ಮನೆಗೆ ಬರುವುದು ಕಾಲೇಜಿನ ಅರ್ಜಿಯಲ್ಲ, ಜಾತಕ.

ಮರಳದವರೆಲ್ಲ ಹಣದ ರುಚಿಗೆ ಬಿದ್ದವರೆಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದುತ್ತಾರೆ. ಪ್ಲಸ್ ಟುವಿನಲ್ಲಿ ಪುಸ್ತಕ ಇಂಗ್ಲಿಷಿನದು, ಎಷ್ಟೋ ತರಗತಿಗಳಲ್ಲಿ ವಿವರಣೆ ಮಲಯಾಳದ್ದು. ಡಿಗ್ರಿಗೆ ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ. ಮಲಯಾಳದವರು ಏಕಜಾಲಕ ಎನ್ನುವುದೂ ನಾವು ಏಕಗವಾಕ್ಷಿ ಎನ್ನುವುದೂ ಒಂದೇ ಕಿಟಿಕಿಯನ್ನು. ಅದು ತೆರೆದಿರುವುದು ಕೆಲವೇ ದಿನ. ಶಾಲೆಯಲ್ಲಿರುವವರಿಗೆ ಮೇಷ್ಟ್ರು ನೆನಪಿಸುತ್ತಾರೆ. ಮಂಗಳೂರಿನ ಹೋಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಬಿಲ್ಲು ಬರೆಯುವವನಿಗೆ ಯಾರು ಹೇಳಬೇಕು? ಅವನಿಗೆ ತಪ್ಪಿಹೋಗುವುದು ಓದಿನ ಆಸೆಯಲ್ಲ, ತಾರೀಕು.

ಮಂಜೇಶ್ವರದಲ್ಲಿ 1980ರಲ್ಲಿ ಆರಂಭವಾದ ಸರಕಾರಿ ಕಾಲೇಜಿಗೆ ಗೋವಿಂದ ಪೈಗಳ ಹೆಸರಿಟ್ಟಿದ್ದೇವೆ. ತಂದೆ ತೀರಿಕೊಂಡದ್ದರಿಂದ ಬಿ.ಎ. ಪೂರ್ಣಗೊಳಿಸಲಾಗದೆ ಮದರಾಸಿನಿಂದ ಊರಿಗೆ ಮರಳಿದವರು ಅವರು. ಮನೆಯ ಕಷ್ಟ ಓದಿಗೆ ಅಡ್ಡ ಬರುವುದೆಂದರೇನೆಂದು ಬೇರೆ ಊರಿನವರಿಗೆ ತಿಳಿಯದಿದ್ದರೆ ಹೋಗಲಿ, ನಮಗಾದರೂ ತಿಳಿಯಬೇಡವೆ?

ಹೆತ್ತವರಿಗೂ ಒಂದು ಮಾತು. ಕೆಲಸಕ್ಕೆ ಕಳುಹಿಸುವ ಮೊದಲು ಒಮ್ಮೆ ಬ್ಯಾಂಕಿಗೆ ಬನ್ನಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ತೋಟ ಅಡವಿಡಬೇಕಾಗಿಲ್ಲ; ಹೆತ್ತವರು ಜೊತೆಗೆ ಸಹಿ ಹಾಕಬೇಕು, ಅಷ್ಟೆ. ಅಡವಿನ ಹೆದರಿಕೆಯಿಂದ ಮೆಟ್ಟಿಲು ಹತ್ತದವರೇ ಹೆಚ್ಚು. ಬಂದವರಿಗೆ ನಾಲ್ಕು ಸಲ “ನಾಳೆ ಬನ್ನಿ” ಎನ್ನುವ ನಮ್ಮವರೂ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ.

ಇನ್ನು ನಮ್ಮ ಸಂಘಗಳು. ವರ್ಷವರ್ಷವೂ ಹೆಚ್ಚು ಅಂಕ ತೆಗೆದವರಿಗೆ ಶಾಲು, ಹಾರ, ಫಲಕ. ತಪ್ಪೆನ್ನುವುದಿಲ್ಲ. ಆದರೆ ಅದೇ ಊರಿನಿಂದ ಆ ವರ್ಷ ಕೆಲಸಕ್ಕೆ ಹೋದವರು ಯಾರು, ಎಷ್ಟು ಮಂದಿ ಎಂಬ ಪಟ್ಟಿ ಯಾವ ಕಾರ್ಯದರ್ಶಿಯ ಹತ್ತಿರ ಉಂಟು? ಒಂದು ನೋಟ್‌ಬುಕ್ಕು ಸಾಕು: ಹೆಸರು, ಫೋನ್ ನಂಬರು, ಟಿ.ಸಿ. ಪಡೆದ ವರ್ಷ. ಮೇ ತಿಂಗಳಲ್ಲಿ ಒಬ್ಬರು ಕೂತು ಎಲ್ಲರಿಗೂ ಒಂದೊಂದು ಫೋನು ಮಾಡಲಿ. ಒಂದು ಶಾಲಿನ ಖರ್ಚೂ ಬೀಳದು.

ಆ ಹುಡುಗನಿಗೆ ನಾನು ನೋಟರಿಯ ದಾರಿ ಹೇಳಿದೆ, ಬೇರೇನು ಮಾಡಲಿ? ಜೊತೆಗೆ ಪಾಸ್‌ಬುಕ್ಕಿಗೆ ಹನ್ನೆರಡು ತಿಂಗಳ ಜಮೆಯನ್ನೂ ಅಚ್ಚು ಹಾಕಿ ಕೊಟ್ಟೆ. ಎಲ್ಲಿದ್ದೆ ಎಂದು ಕೇಳಿದರೆ ಇದನ್ನೂ ತೋರಿಸು ಎಂದೆ.