ಟಿಕೆಟಿನಲ್ಲಿರುವ ಎರಡು ಗಡಿಯಾರ



ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5ಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆಂದರೆ ನಂಬುವಿರಾ? 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ವಿಮಾನ ಆರಂಭಿಸಿದಾಗ ವೇಳಾಪಟ್ಟಿಯಲ್ಲಿ ಹೀಗೆಯೇ ಇತ್ತು. ಮಗಳ ಬಾಣಂತನಕ್ಕೆಂದು ಒಬ್ಬರೇ ಹೊರಡುವ ತಾಯಿ ಇದನ್ನು ನೋಡಿ ಎರಡೂವರೆ ಗಂಟೆಯ ದಾರಿ ಎಂದುಕೊಂಡರೆ ಅವರನ್ನು ದೂರಲಾಗದು. ಹೊರಡುವ ಹೊತ್ತು ನಮ್ಮೂರಿನದು, ತಲುಪುವ ಹೊತ್ತು ಆ ಊರಿನದು ಎಂದು ಬಿಡಿಸಿ ಹೇಳುವವರು ಕಡಿಮೆ.

ಚಳಿಗಾಲದಲ್ಲಿ ಆ ಊರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 5 ಆದಾಗ ನಮ್ಮಲ್ಲಿ ಮರುದಿನ ಬೆಳಗ್ಗೆ 6.30. ಲೆಕ್ಕ ಹಾಕಿ, ಪೂರ್ತಿ 16 ಗಂಟೆ! ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ.

ಬರುವಾಗಿನ ಕಥೆ ಬೇರೆ. ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಮೊದಲ ವಿಮಾನ ಬೆಂಗಳೂರಿನಲ್ಲಿ ಇಳಿದದ್ದು 11ರ ನಸುಕಿನಲ್ಲಿ. ಅದನ್ನು ಉತ್ತರ ಧ್ರುವದ ಮೇಲಿನಿಂದ ಹಾರಿಸಿ ತಂದವರು ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತು ಅವರ ಸಂಗಾತಿಗಳು, ಪೈಲಟುಗಳೆಲ್ಲರೂ ಮಹಿಳೆಯರೇ. ಧ್ರುವದ ಮೇಲೇಕೆ ಎಂದು ಕೇಳುವಿರಾದರೆ ಮಕ್ಕಳ ಗ್ಲೋಬ್ ತೆಗೆದು ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿಯೇ ಧ್ರುವದ ಬಳಿ ಸರಿಯುತ್ತದೆ. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರ್. ಗೋಡೆಯ ನಕಾಶೆಯಲ್ಲಿ ಇದು ಕಾಣಿಸದು. ಆದರೆ ವಿಮಾನ ಯಾವಾಗಲೂ ಈ ದಾರಿಯನ್ನೇ ಹಿಡಿಯುವುದಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿಯ ಬೆನ್ನೇರಿ ಪೂರ್ವಕ್ಕೆ ಹೋದರೆ ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. ಹೋಗಲು 16 ಗಂಟೆ ಸಾಕಾದರೆ ಬರಲು 17 ದಾಟುವುದಕ್ಕೆ ಗಾಳಿಯೂ ಒಂದು ಕಾರಣ.

ಜನವರಿಯಲ್ಲಿ ಧ್ರುವದ ಕಡೆ ಸೂರ್ಯನೇ ಇಲ್ಲ. ರಾತ್ರಿ ಹೊರಟವರಿಗೆ ದಾರಿಯುದ್ದಕ್ಕೂ ಕತ್ತಲೆ. ನಮಾಝಿನ ಹೊತ್ತನ್ನು ಹೇಗೆ ಎಣಿಸುವುದೆಂದು ಹೊರಡುವ ಮುನ್ನವೇ ತಿಳಿದವರಲ್ಲಿ ಕೇಳಿಟ್ಟುಕೊಳ್ಳಿ, ಆಕಾಶದಲ್ಲಿ ಕೇಳಲು ಯಾರೂ ಸಿಗರು.

ನನಗೆ ಹೆಚ್ಚು ಚಿಂತೆ ಮಾತ್ರೆಗಳದ್ದು. ಸಕ್ಕರೆ ಕಾಯಿಲೆಯ ತಾಯಿ ಬೆಳಗ್ಗೆ ಒಂದು, ರಾತ್ರಿ ಒಂದು ನುಂಗುವವರು. ಟಿಕೆಟ್ ನೋಡಿ "ಇಳಿದ ಮೇಲೆ ರಾತ್ರಿಯದ್ದು ನುಂಗಿದರಾಯಿತು" ಎಂದುಕೊಂಡರೆ ಒಂದು ಹೊತ್ತಿನ ಔಷಧಿ ತಪ್ಪಿಯೇ ಹೋದೀತು. ಎಷ್ಟು ಗಂಟೆಯ ಪ್ರಯಾಣವೆಂದು ವೈದ್ಯರಿಗೆ ಮೊದಲೇ ತಿಳಿಸಿ, ಯಾವಾಗ ಏನೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ನಾಲ್ಕು ಗಂಟೆ ಮೀರಿ ಕದಲದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಪಕ್ಕದವರು ಏನೆಂದುಕೊಂಡಾರೋ ಎಂಬ ಸಂಕೋಚ ಬೇಡ, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಲಿ.

ತಾಯಿಯ ಕೈಗಡಿಯಾರವನ್ನು ವಿಮಾನ ಹತ್ತಿದೊಡನೆ ತಿದ್ದಲು ಬಿಡಬೇಡಿ. ಇಳಿಯುವ ತನಕ ಅದು ನಮ್ಮೂರಿನ ಹೊತ್ತನ್ನೇ ತೋರಿಸಲಿ. ಚೀಟಿಯಲ್ಲೂ ಅದೇ ಹೊತ್ತನ್ನು ಬರೆಸಿ.